ಚ್ಯಾಟಮ್ ಕೋಸ್ಟ್ ಗಾರ್ಡ್ ಠಾಣೆ

ಚ್ಯಾಟಮ್ ಕೋಸ್ಟ್ ಗಾರ್ಡ್ ಠಾಣೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಕೇಪ್ ಕಾಡ್ ಪರ್ಯಾಯದ್ವೀಪದ ಆಗ್ನೇಯ ಮೂಲೆಯ ಬಂದರುಪಟ್ಟಣವಾದ ಚ್ಯಾಟಮ್‌ನಲ್ಲಿದೆ. 1872ರಲ್ಲಿ ಹುಟ್ಟು ಹಾಕುವ ದೋಣಿ ಮತ್ತು ಬೆರಳೆಣಿಕೆಯ ಆಳುಗಳೊಂದಿಗೆ ಆರಂಭವಾದ ಜೀವರಕ್ಷಣಾ ನೆಲೆ 1915ರಲ್ಲಿ ಕೋಸ್ಟ್ ಗಾರ್ಡ್‌ನ ಅಂಗವಾಯಿತು. ಈಗ ಅದು ಪಟ್ಟಣದ ಹಳೆಯ ದೀಪಸ್ತಂಭದ ಆವರಣದಲ್ಲಿ ಕೆಲಸ ಮಾಡುತ್ತಿದೆ. ಹೊರಗಿನವರು ಚ್ಯಾಟಮ್‌ನ ಹೆಸರು ಕೇಳಿರುವುದು ಮುಖ್ಯವಾಗಿ ಎರಡು ದಿನಗಳ ಕಾರಣದಿಂದ. 1902ರ ಮಾರ್ಚ್ 17ರಂದು ಈ ಪಟ್ಟಣದ ತೀರದ ಏಳು ಮಂದಿ ರಕ್ಷಕರು ಕಾಪಾಡಲು ಹೋಗಿ ತಾವೇ ಮುಳುಗಿದರು. 1952ರ ಫೆಬ್ರುವರಿ 18ರ ರಾತ್ರಿ ನಾಲ್ವರು ಯುವಕರು 36 ಅಡಿಯ ದೋಣಿಯಲ್ಲಿ ಬಿರುಗಾಳಿಗೆ ಎದುರಾಗಿ ಹೋಗಿ, ಸೀಳಿದ ಹಡಗಿನಿಂದ 32 ಜನರನ್ನು ಬದುಕಿಸಿ ತಂದರು. ಈ ಎರಡು ದಿನಗಳ ನಡುವೆ, ಅವುಗಳ ಹಿಂದೆ ಮುಂದೆ ಹರಡಿಕೊಂಡಿರುವ ಸುಮಾರು ಒಂದೂವರೆ ಶತಮಾನದ ಕೆಲಸವನ್ನು ಸಾಹಸದ ಕಥೆಗಳು ಮರೆಮಾಡಿಬಿಟ್ಟಿವೆ. ಆ ಕೆಲಸವನ್ನೂ ಸೇರಿಸಿಕೊಂಡು ನೋಡಿದರೆ ಠಾಣೆಯ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ. ಒಂದೇ ಕಡೆ ನಿಲ್ಲದ ಮರಳನ್ನು ದಿನದಿನವೂ ಗಮನಿಸಿ, ಆ ತಿಳಿವಳಿಕೆಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದೇ ಈ ಸಂಸ್ಥೆಯ ನಿಜವಾದ ಕಸುಬು. ಧೈರ್ಯ ಆ ಕಸುಬಿನ ಕೊನೆಯ ಹೆಜ್ಜೆ. ಈ ಲೇಖನ ಆ ವಾದವನ್ನು ಮುಂದಿಡುತ್ತದೆ.

ಮೊದಲು ನೆಲ ಮತ್ತು ನೀರಿನ ಸ್ವರೂಪ ತಿಳಿಯಬೇಕು. ಕೇಪ್ ಕಾಡ್ ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮರಳು ಮತ್ತು ಜಲ್ಲಿಯ ರಾಶಿ. ಅಲೆಯ ಹೊಡೆತ ತಡೆಯುವ ಬಂಡೆಗಲ್ಲಿನ ತೀರ ಇಲ್ಲಿಲ್ಲ. ಚ್ಯಾಟಮ್‌ನ ಎದುರು ಉತ್ತರದಿಂದ ಇಳಿದುಬರುವ ನಾಸೆಟ್ ಎಂಬ ಮರಳುಪಟ್ಟಿ ಬಂದರಿಗೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ತಡೆಯಾಗಿ ನಿಂತಿದೆ. ದಕ್ಷಿಣಕ್ಕೆ ಮೊನೊಮಾಯ್ ಎಂಬ ಇನ್ನೊಂದು ಮರಳುನಾಲಿಗೆ ಸುಮಾರು 8 ಮೈಲಿ ಚಾಚಿಕೊಂಡಿದೆ. ಅದರ ಆಚೆಗೆ ಪೊಲಾಕ್ ರಿಪ್, ಶವಲ್‌ಫುಲ್, ಹ್ಯಾಂಡ್‌ಕರ್ಚೀಫ್ ಮೊದಲಾದ ಮುಳುಗುದಿಬ್ಬಗಳ ಸಾಲು. ಬಂದರಿನ ಬಾಯಿಗೆ ಅಡ್ಡಲಾಗಿ ಚ್ಯಾಟಮ್ ಬಾರ್ ಎಂಬ ಮರಳುದಿಬ್ಬ. ಗಂಗೊಳ್ಳಿಯಲ್ಲೋ ಮಂಗಳೂರಿನ ಹಳೆಯ ಬಂದರಿನಲ್ಲೋ ಮಳೆಗಾಲದ ಹೊತ್ತಿಗೆ ಅಳಿವೆ ದಾಟಿದ ಮೀನುಗಾರರಿಗೆ ಈ ದಿಬ್ಬದ ಸ್ವಭಾವವನ್ನು ವಿವರಿಸಬೇಕಿಲ್ಲ: ಆಳಸಮುದ್ರದಲ್ಲಿ ಉದ್ದುದ್ದ ಸಾಗಿ ಬಂದ ಅಲೆ ಆಳವಿಲ್ಲದ ಕಡೆ ತಲೆಯೆತ್ತಿ, ಮಗುಚಿ ಬೀಳುತ್ತದೆ, ಒಳಗಿನಿಂದ ಇಳಿತದ ನೀರು ಎದುರು ನುಗ್ಗಿದರಂತೂ ಚಿಕ್ಕ ದೋಣಿಗೆ ಉಳಿಗಾಲವಿಲ್ಲ. 1606ರಲ್ಲಿ ಫ್ರೆಂಚ್ ನಾವಿಕ ಸ್ಯಾಮ್ಯುಯೆಲ್ ದ ಶಾಂಪ್ಲೇನ್ ಇಲ್ಲಿನ ಸ್ಟೇಜ್ ಹಾರ್ಬರ್‌ಗೆ ಬಂದಾಗಲೂ, 1620ರ ನವೆಂಬರ್‌ನಲ್ಲಿ ಮೇಫ್ಲವರ್ ಹಡಗು ದಕ್ಷಿಣಕ್ಕೆ ಹೊರಟು ಪೊಲಾಕ್ ರಿಪ್‌ನ ಬಳಿಯ ದಿಬ್ಬಗಳನ್ನು ಕಂಡು ಹಿಂತಿರುಗಿದಾಗಲೂ ತೊಂದರೆ ಕೊಟ್ಟದ್ದು ಈ ಮರಳೇ. ಮೇಫ್ಲವರ್ ಅಂದು ಹಿಂತಿರುಗದಿದ್ದರೆ ಅದರ ಪ್ರಯಾಣಿಕರು ನೆಲೆಸಬೇಕೆಂದಿದ್ದ ಹಡ್ಸನ್ ನದಿಯ ಕಡೆಗೇ ಹೋಗುತ್ತಿದ್ದರು, ಪ್ಲಿಮತ್ ವಸಾಹತು ಹುಟ್ಟುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಬಾಸ್ಟನ್ ಮತ್ತು ನ್ಯೂಯಾರ್ಕ್ ನಡುವೆ ಕಲ್ಲಿದ್ದಲು, ಮರ, ಮಂಜುಗಡ್ಡೆ, ಮೀನು ಸಾಗಿಸುವ ಹಾಯಿಹಡಗುಗಳೆಲ್ಲ ಈ ಮೂಲೆಯನ್ನು ಸುತ್ತಿಯೇ ಹೋಗಬೇಕಿತ್ತು. ಈಶಾನ್ಯದ ಚಳಿಗಾಲದ ಬಿರುಗಾಳಿ ಅವುಗಳನ್ನು ತೀರದ ಕಡೆಗೆ ಒತ್ತುತ್ತಿತ್ತು; ಬೇಸಿಗೆಯ ದಟ್ಟ ಮಂಜು ತೀರವನ್ನೇ ಕಣ್ಮರೆ ಮಾಡುತ್ತಿತ್ತು. ಕೇಪ್ ಕಾಡ್ ಸುತ್ತಮುತ್ತ ಒಡೆದ ಹಡಗುಗಳ ಸಂಖ್ಯೆ 3,000 ಮೀರುತ್ತದೆ ಎಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು.

ಈ ಮರಳು ಅಪಾಯಕಾರಿ ಎನ್ನುವುದಕ್ಕಿಂತ ಅದು ನಿಂತಲ್ಲಿ ನಿಲ್ಲುವುದಿಲ್ಲ ಎನ್ನುವುದು ಠಾಣೆಯ ಚರಿತ್ರೆಗೆ ಹೆಚ್ಚು ಮುಖ್ಯ. ನಾಸೆಟ್ ಪಟ್ಟಿ ದಕ್ಷಿಣಕ್ಕೆ ಬೆಳೆಯುತ್ತಾ ಹೋಗುತ್ತದೆ. ಬಂದರಿನ ಬಾಯಿ ದೂರವಾಗಿ ಒಳಗಿನ ನೀರಿಗೂ ಹೊರಗಿನ ನೀರಿಗೂ ಮಟ್ಟದ ವ್ಯತ್ಯಾಸ ಹೆಚ್ಚಾಗುತ್ತದೆ. ಒಂದು ದಿನ ಬಿರುಗಾಳಿ ಪಟ್ಟಿಯನ್ನು ನಡುವೆಯೇ ಒಡೆದು ಹೊಸ ಬಾಯಿ ತೆರೆಯುತ್ತದೆ. ವುಡ್ಸ್ ಹೋಲ್‌ನ ಕಡಲ ಭೂವಿಜ್ಞಾನಿ ಗ್ರಹಾಂ ಗೀಸಿ 1978ರ ತಮ್ಮ ಅಧ್ಯಯನದಲ್ಲಿ ಇದು ಸುಮಾರು ಒಂದೂವರೆ ಶತಮಾನಕ್ಕೊಮ್ಮೆ ಮರಳಿ ಬರುವ ಆವರ್ತವೆಂದು ತೋರಿಸಿದರು. 1987ರ ಜನವರಿ 2ರಂದು ದೀಪಸ್ತಂಭದ ಎದುರಿಗೇ ಪಟ್ಟಿ ಒಡೆಯಿತು. ಹಿಂದಿನ ಆವರ್ತದ ಹೊಡೆತ ದೀಪಸ್ತಂಭದ ಮೇಲೇ ಬಿದ್ದಿತ್ತು. 1808ರಲ್ಲಿ ಚ್ಯಾಟಮ್‌ನಲ್ಲಿ ಮರದ ಎರಡು ಗೋಪುರಗಳನ್ನು ನಿಲ್ಲಿಸಿದ್ದು ಉತ್ತರದ ಹೈಲ್ಯಾಂಡ್ ದೀಪದಿಂದ ಇದನ್ನು ನಾವಿಕರು ಬೇರೆಯಾಗಿ ಗುರುತಿಸಲೆಂದು. 1841ರಲ್ಲಿ ಅವುಗಳ ಬದಲಿಗೆ ಇಟ್ಟಿಗೆಯ ಜೋಡಿಗೋಪುರ ಬಂತು. 1870ರ ಬಿರುಗಾಳಿ ಹೊರಪಟ್ಟಿಯನ್ನು ಒಡೆದ ಕಾಲಕ್ಕೆ ಗೋಪುರದಿಂದ ದಿಣ್ಣೆಯ ಅಂಚಿಗೆ 228 ಅಡಿ ಅಂತರವಿತ್ತು. 1877ರ ವೇಳೆಗೆ ರಸ್ತೆಯ ಆಚೆ ಎರಕದ ಕಬ್ಬಿಣದ ಹೊಸ ಜೋಡಿಯನ್ನು ಕಟ್ಟಬೇಕಾಯಿತು. 1879ರ ಡಿಸೆಂಬರ್‌ನಲ್ಲಿ ಹಳೆಯ ದಕ್ಷಿಣ ಗೋಪುರ ಕಡಲಿಗೆ ಉರುಳಿತು. ಕಾವಲುಗಾರರ ಮನೆ, ಇನ್ನೊಂದು ಗೋಪುರ ಅದನ್ನೇ ಹಿಂಬಾಲಿಸಿದವು. 1923ರಲ್ಲಿ ಹೊಸ ಜೋಡಿಯಲ್ಲೊಂದನ್ನು ಈಸ್ಟ್‌ಹ್ಯಾಮ್‌ಗೆ ಸಾಗಿಸಿ ನಾಸೆಟ್ ದೀಪವಾಗಿ ಮಾಡಿದರು. ಹತ್ತೇ ವರ್ಷದಲ್ಲಿ 228 ಅಡಿ ನೆಲವನ್ನು ನುಂಗುವ ತೀರದಲ್ಲಿ ಒಮ್ಮೆ ಅಳತೆ ಮಾಡಿ ಬರೆದಿಟ್ಟ ನಕ್ಷೆಯನ್ನು ನಂಬಿ ದೋಣಿ ಬಿಡಲಾಗುವುದಿಲ್ಲ. ದಿಬ್ಬ ನಿನ್ನೆ ಎಲ್ಲಿತ್ತು, ಇಂದು ಎಲ್ಲಿದೆ ಎಂದು ನೋಡಿ ಬಲ್ಲವರು ತೀರದಲ್ಲೇ ಇರಬೇಕು. ಚ್ಯಾಟಮ್‌ನಲ್ಲಿ ಠಾಣೆ ಏಕೆ ಹುಟ್ಟಿತು, ಏಕೆ ಉಳಿಯಿತು ಎಂಬ ಪ್ರಶ್ನೆಗೆ ಇದೇ ಉತ್ತರ.

ಸರ್ಕಾರಕ್ಕೆ ಮೊದಲೇ ಈ ತೀರದಲ್ಲಿ ಕರುಣೆಯ ಕೆಲಸ ನಡೆದಿತ್ತು. 1786ರಲ್ಲಿ ಆರಂಭವಾದ ಮ್ಯಾಸಚೂಸೆಟ್ಸ್ ಹ್ಯೂಮೇನ್ ಸೊಸೈಟಿ ನಿರ್ಜನ ಕಡಲತೀರಗಳಲ್ಲಿ ಚಿಕ್ಕ ಗುಡಿಸಲುಗಳನ್ನು ಕಟ್ಟಿ, ಒಳಗೆ ಒಣಹುಲ್ಲು, ಸೌದೆ ಇರಿಸಿತು. ಹಡಗು ಒಡೆದು ಈಜಿ ಬಂದವರು ಚಳಿಯಲ್ಲಿ ಸಾಯಬಾರದೆಂಬುದು ಅದರ ಆಶಯ. ಆ ಆಶಯಕ್ಕೆ ಇವತ್ತಿಗೂ ತಲೆಬಾಗಬೇಕು. ಆದರೆ ಗುಡಿಸಲಿನಲ್ಲಿ ಕಾಯುವ ಆಳಿರಲಿಲ್ಲ. ತೀರ ಮುಟ್ಟಿದವನಿಗೆ ಮಾತ್ರ ಅದರಿಂದ ಉಪಯೋಗ. ಮುಂದೆ ಸೊಸೈಟಿ ದೋಣಿಗಳನ್ನೂ ಇಟ್ಟಿತು. ಅವುಗಳನ್ನು ಹುಟ್ಟು ಹಾಕಿ ನಡೆಸಲು ಊರಿನ ಸ್ವಯಂಸೇವಕರು ಸುದ್ದಿ ತಿಳಿದು ಓಡಿಬರಬೇಕಿತ್ತು. 1871ರಲ್ಲಿ ಖಜಾನೆ ಇಲಾಖೆಯ ಕಂದಾಯ ನೌಕಾವಿಭಾಗದ ಮುಖ್ಯಸ್ಥರಾದ ಸಮ್ನರ್ ಕಿಂಬಾಲ್ ಈ ಏರ್ಪಾಡಿನ ಮೂಲದೋಷವನ್ನು ಸರಿಯಾಗಿ ಗುರುತಿಸಿದರು. ಹಡಗು ಒಡೆದ ಮೇಲೆ ಸೇರುವ ಜನರಿಂದ ಸಾಲದು, ಒಡೆಯುವುದಕ್ಕೆ ಮುಂಚೆಯೇ ಅಲ್ಲಿರುವ, ಸಂಬಳ ಪಡೆಯುವ, ತರಬೇತಾದ ಆಳುಗಳು ಬೇಕು. 1872ರಲ್ಲಿ ಕೇಪ್ ಕಾಡ್‌ನ ಹೊರತೀರದಲ್ಲಿ ರೇಸ್ ಪಾಯಿಂಟ್‌ನಿಂದ ಮೊನೊಮಾಯ್‌ವರೆಗೆ ಒಂಬತ್ತು ಠಾಣೆಗಳು ಎದ್ದವು. ಅವುಗಳಲ್ಲಿ ಎರಡು, ಚ್ಯಾಟಮ್ ಮತ್ತು ಮೊನೊಮಾಯ್, ಈ ಒಂದೇ ಪಟ್ಟಣದ ವ್ಯಾಪ್ತಿಯಲ್ಲಿದ್ದವು. 1878ರಲ್ಲಿ ಜೀವರಕ್ಷಣಾ ಸೇವೆ ಸ್ವತಂತ್ರ ವಿಭಾಗವಾದಾಗ ಕಿಂಬಾಲ್ ಅದರ ಮಹಾ ಅಧೀಕ್ಷಕರಾದರು, 1915ರವರೆಗೂ ಆ ಹುದ್ದೆಯಲ್ಲಿದ್ದರು. ಒಂದು ಸೇವೆಯ ಇಡೀ ಆಯುಷ್ಯವನ್ನು ಒಬ್ಬರೇ ಮುಖ್ಯಸ್ಥರು ರೂಪಿಸಿದ ಉದಾಹರಣೆಗಳು ಆಡಳಿತದ ಚರಿತ್ರೆಯಲ್ಲಿ ಅಪರೂಪ.

ಕಿಂಬಾಲ್ ರೂಪಿಸಿದ ದಿನಚರಿಯನ್ನು ನೋಡಿದರೆ ಠಾಣೆಯ ಸ್ವಭಾವ ತಿಳಿಯುತ್ತದೆ. ಠಾಣೆಗೆ ಕೀಪರ್ ಎಂಬ ಮುಖ್ಯಸ್ಥ, ಅವನ ಕೈಕೆಳಗೆ ಆರೇಳು ದೋಣಿಯಾಳುಗಳು. ಹೆಚ್ಚಿನವರು ಅದೇ ತೀರದಲ್ಲಿ ಹುಟ್ಟಿ ಮೀನು ಹಿಡಿದು ಬೆಳೆದವರು. ವಾರದ ಒಂದೊಂದು ದಿನಕ್ಕೂ ಒಂದೊಂದು ಕವಾಯತು: ಒಂದು ದಿನ ತೆರೆ ದಾಟಿ ದೋಣಿ ಇಳಿಸುವುದು, ಇನ್ನೊಂದು ದಿನ ಧ್ವಜಸಂಕೇತ, ಮತ್ತೊಂದು ದಿನ ನೀರು ಕುಡಿದವರಿಗೆ ಉಸಿರು ಬರಿಸುವ ವಿಧಾನ. ಸೇನಾಧಿಕಾರಿ ಡೇವಿಡ್ ಲೈಲ್ 1870ರ ದಶಕದ ಕೊನೆಯಲ್ಲಿ ರೂಪಿಸಿದ ಚಿಕ್ಕ ಕಂಚಿನ ಫಿರಂಗಿ ಒಡೆದ ಹಡಗಿನ ಮೇಲಕ್ಕೆ ಹಗ್ಗವನ್ನು ಹಾರಿಸುತ್ತಿತ್ತು. ಆ ಹಗ್ಗದ ಮೇಲೆ ತೇಲುಬಳೆಗೆ ಕ್ಯಾನ್ವಾಸ್ ಚಡ್ಡಿ ಹೊಲಿದ ಆಸನವನ್ನು ಓಡಿಸಿ ಒಬ್ಬೊಬ್ಬರನ್ನೇ ದಡಕ್ಕೆ ಎಳೆಯುತ್ತಿದ್ದರು. ಈ ಕವಾಯತನ್ನು ಗಡಿಯಾರ ಹಿಡಿದು ನಡೆಸುತ್ತಿದ್ದರು. ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ನಡಿಗೆ. ರಾತ್ರಿಯಿಡೀ, ಮಂಜು ಕವಿದ ಹಗಲಿನಲ್ಲೂ, ಆಳುಗಳು ಸರದಿಯ ಮೇಲೆ ತೀರದುದ್ದಕ್ಕೂ ನಡೆಯುತ್ತಿದ್ದರು. ಎರಡು ಠಾಣೆಗಳ ನಡುವೆ ಎದುರಾದ ಕಾವಲಿನವರು ಹಿತ್ತಾಳೆಯ ಬಿಲ್ಲೆಗಳನ್ನು ಬದಲಾಯಿಸಿಕೊಂಡು ತಂತಮ್ಮ ಠಾಣೆಗೆ ಒಯ್ದು ಒಪ್ಪಿಸಬೇಕು. ನಡೆದದ್ದಕ್ಕೆ ಅದೇ ಸಾಕ್ಷಿ. ದಿಬ್ಬದ ಕಡೆಗೆ ಬರುತ್ತಿರುವ ಹಡಗಿನ ದೀಪ ಕಂಡರೆ ಕೈಯಲ್ಲಿನ ಕಾಸ್ಟನ್ ಮತಾಪನ್ನು ಹೊತ್ತಿಸಿ ಕೆಂಪು ಬೆಳಕಿನಿಂದ ಎಚ್ಚರಿಸಬೇಕು. ಹೀಗೆ ಎಚ್ಚರಗೊಂಡು ದಿಕ್ಕು ಬದಲಿಸಿ ಪಾರಾದ ಹಡಗು ಯಾವ ಕಥೆಯನ್ನೂ ಬಿಟ್ಟುಹೋಗುವುದಿಲ್ಲ. ಅದರ ನಾವಿಕರಿಗೆ ತಾವು ಬದುಕಿದ್ದು ಯಾರಿಂದ ಎಂದೂ ತಿಳಿದಿರಲಿಲ್ಲ. ಈ ನಡಿಗೆಯ ಎರಡನೆಯ ಫಲ ಇನ್ನೂ ಕಣ್ಣಿಗೆ ಬೀಳದಂಥದು. ಪ್ರತಿ ರಾತ್ರಿ ಮರಳಿನ ಮೇಲೆ ನಡೆದವನಿಗೆ ತೆರೆ ಎಲ್ಲಿ ಒಡೆಯುತ್ತಿದೆ, ನೀರಿನ ಸೆಳೆತ ಎಲ್ಲಿಂದ ಹೊರಹೋಗುತ್ತಿದೆ, ನಿನ್ನೆ ಇದ್ದ ಕಾಲುವೆ ಇಂದು ಮುಚ್ಚಿದೆಯೇ ಎಂಬುದು ತಾನಾಗಿ ಮೈಗೂಡುತ್ತಿತ್ತು. ಜಾಗರೂಕತೆಗಾಗಿ ಏರ್ಪಟ್ಟ ಕಾವಲು ಅಳಿವೆಯ ಪಾಠಶಾಲೆಯೂ ಆಯಿತು.

ಅಳಿವೆಯ ತಿಳಿವಳಿಕೆಯೇ ಠಾಣೆಯ ನಿಜವಾದ ಕಸುಬು ಎಂಬ ವಾದವನ್ನು ಒಪ್ಪದವರು ಮೊದಲು ಎತ್ತಿ ತೋರಿಸುವುದು 1902ರ ದುರಂತವನ್ನು. ಆ ಮಾರ್ಚ್‌ನಲ್ಲಿ ವಡೀನಾ, ಫಿಟ್ಸ್‌ಪ್ಯಾಟ್ರಿಕ್ ಎಂಬ ಎರಡು ಕಲ್ಲಿದ್ದಲ ಬಾರ್ಜ್‌ಗಳು ಮೊನೊಮಾಯ್ ತುದಿಯ ಶವಲ್‌ಫುಲ್ ದಿಬ್ಬಕ್ಕೆ ಸಿಕ್ಕಿಕೊಂಡಿದ್ದವು. 17ರ ಬೆಳಗ್ಗೆ ವಡೀನಾದ ಮೇಲೆ ಆಪತ್ತಿನ ಧ್ವಜ ಕಂಡು ಮೊನೊಮಾಯ್ ಠಾಣೆಯ ಕೀಪರ್ ಮಾರ್ಷಲ್ ಎಲ್ಡ್ರಿಜ್ ಮತ್ತು ಏಳು ದೋಣಿಯಾಳುಗಳು ಹೊರಟರು. ಬಾರ್ಜ್ ತಲುಪಿ ಅದರಲ್ಲಿದ್ದ ಐವರನ್ನೂ ದೋಣಿಗೆ ಇಳಿಸಿಕೊಂಡರು. ಮರಳಿ ತಿರುಗುವಾಗ ಒಂದು ತೆರೆ ದೋಣಿಯೊಳಕ್ಕೆ ನೀರು ಸುರಿಯಿತು. ಬಾರ್ಜ್‌ನವರು ಗಾಬರಿಯಿಂದ ಎದ್ದು ಹುಟ್ಟು ಹಾಕುವವರ ಕೊರಳಿಗೆ ಜೋತುಬಿದ್ದರು, ದೋಣಿ ಮಗುಚಿತು. ಏಳು ರಕ್ಷಕರು, ಐದು ಬಾರ್ಜ್‌ನವರು, ಒಟ್ಟು 12 ಜನ ಸತ್ತರು. ಮಗುಚಿದ ದೋಣಿಯನ್ನು ಅವುಚಿಕೊಂಡಿದ್ದ ಸೆತ್ ಎಲ್ಲಿಸ್ ಒಬ್ಬರನ್ನು, ಫಿಟ್ಸ್‌ಪ್ಯಾಟ್ರಿಕ್ ಬಾರ್ಜ್‌ನಲ್ಲಿದ್ದ ಚ್ಯಾಟಮ್‌ನ ಎಲ್ಮರ್ ಮೇಯೊ ಒಂಟಿಯಾಗಿ ಪುಟ್ಟ ಡೋರಿ ದೋಣಿ ಇಳಿಸಿ ಕಾಪಾಡಿದರು. ಇಬ್ಬರಿಗೂ ಚಿನ್ನದ ಜೀವರಕ್ಷಣಾ ಪದಕ ಬಂತು. ಎದೆ ಹಿಂಡುವ ಸಂಗತಿಯೆಂದರೆ, ವಡೀನಾ ಆ ದಿನ ಒಡೆಯಲಿಲ್ಲ. ಬಿರುಗಾಳಿ ಕಳೆದ ಮೇಲೂ ದಿಬ್ಬದ ಮೇಲೆ ಭದ್ರವಾಗಿಯೇ ಕೂತಿತ್ತು. ಅದರ ಮೇಲೆಯೇ ಉಳಿದಿದ್ದರೆ ಐವರೂ ಬದುಕುತ್ತಿದ್ದರೋ ಏನೋ.

ಹಾಗಾದರೆ ಅಳಿವೆಯನ್ನು ಚೆನ್ನಾಗಿ ಬಲ್ಲವರೇ ಅಳಿವೆಯಲ್ಲಿ ಸತ್ತರಲ್ಲ, ಸ್ಥಳೀಯ ತಿಳಿವಳಿಕೆಗೆ ಬೆಲೆ ಎಲ್ಲಿ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಡೆದದ್ದನ್ನು ಹಂತಹಂತವಾಗಿ ನೋಡಿದರೆ ಅವರ ತಿಳಿವಳಿಕೆ ಸೋತ ಜಾಗ ಸಿಗುವುದಿಲ್ಲ. ದಿಬ್ಬಗಳ ನಡುವೆ ಹಾದಿ ಹಿಡಿದು ಬಾರ್ಜ್ ಮುಟ್ಟಿದ್ದೂ, ಐವರನ್ನು ಇಳಿಸಿಕೊಂಡದ್ದೂ ಸರಿಯಾಗಿಯೇ ನಡೆಯಿತು. ಕೆಟ್ಟದ್ದು ದೋಣಿಯೊಳಗಿನ ಶಿಸ್ತು; ಅದೂ ಆ ಶಿಸ್ತು ಕಲಿಯದವರಿಂದ. ಇನ್ನೊಂದು ಕಾರಣವನ್ನು ಸೇವೆಯ ನಿಯಮದಲ್ಲೇ ಹುಡುಕಬೇಕು. ತೆರೆ ತುಂಬ ಜೋರಾಗಿತ್ತು ಎಂಬ ಕೀಪರನ ಮಾತನ್ನು ಇಲಾಖೆ ನೆಪವಾಗಿ ಒಪ್ಪುತ್ತಿರಲಿಲ್ಲ. ನಿಜವಾಗಿ ಪ್ರಯತ್ನಿಸಿ ಸೋತದ್ದನ್ನು ತೋರಿಸಬೇಕಿತ್ತು. ಹೇಡಿತನವನ್ನು ತಡೆಯಲು ಮಾಡಿದ ಈ ನಿಯಮ ತೀರದಲ್ಲಿ ನಿಂತು ಪರಿಸ್ಥಿತಿ ಅಳೆಯುವ ಅನುಭವಿಯ ವಿವೇಚನೆಯನ್ನೂ ಕಿರಿದುಮಾಡಿತು. ಹೋಗಲೇಬೇಕು, ಹಿಂತಿರುಗಲೇಬೇಕೆಂದಿಲ್ಲ ಎಂಬ ಹೇಳಿಕೆ ಸೇವೆಯ ಅಲಿಖಿತ ಧ್ಯೇಯವಾಗಿ ಹರಡಿದ್ದನ್ನು ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ಮೊನೊಮಾಯ್‌ನ ಏಳು ಕುಟುಂಬಗಳ ದೃಷ್ಟಿಯಿಂದ ನೋಡಿದರೆ ಆ ಹೆಮ್ಮೆಯನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ದೀಪಸ್ತಂಭದ ಸಮೀಪ ನಿಲ್ಲಿಸಿದ ಸ್ಮಾರಕ ಅವರ ತ್ಯಾಗವನ್ನು ನೆನೆಸುತ್ತದೆ. ಸೇವೆ ಕೊಟ್ಟ ಪ್ರಾಯೋಗಿಕ ಉತ್ತರ ಬೇರೆ ಇತ್ತು. ಅದೇ ವರ್ಷ ಮರಳುನಾಲಿಗೆಯ ದಕ್ಷಿಣ ತುದಿಗೆ ಹತ್ತಿರವಾಗಿ ಮೊನೊಮಾಯ್ ಪಾಯಿಂಟ್ ಎಂಬ ಹೊಸ ಠಾಣೆ ತಲೆಯೆತ್ತಿತು. ಉತ್ತರದಲ್ಲಿ, ನಾಸೆಟ್ ಪಟ್ಟಿಯ ಮೇಲೆ, 1897ರಲ್ಲೇ ಓಲ್ಡ್ ಹಾರ್ಬರ್ ಠಾಣೆ ಕಟ್ಟಿಯಾಗಿತ್ತು. ಹೀಗೆ ಒಂದೇ ಪಟ್ಟಣದ ಅಂಚಿನಲ್ಲಿ ನಾಲ್ಕು ಠಾಣೆಗಳಾದವು. ಕಾವಲಿನ ಕಣ್ಣನ್ನು ದಿಬ್ಬಕ್ಕೆ ಇನ್ನಷ್ಟು ಹತ್ತಿರ ತರುವುದೇ ಪರಿಹಾರ ಎಂದು ಇಲಾಖೆ ಅರಿತಿತ್ತು.

ನಾಲ್ಕು ಠಾಣೆಗಳ ಈ ಸಾಲು ಹೆಚ್ಚು ಕಾಲ ಉಳಿಯಲಿಲ್ಲ. 1914ರ ಜುಲೈ 29ರಂದು ಕೇಪ್ ಕಾಡ್ ಕಾಲುವೆ ತೆರೆಯಿತು. ಹೊರತೀರ ಸುತ್ತದೆಯೇ ಬಾಸ್ಟನ್ ಕಡೆಗೆ ಹೋಗುವ ದಾರಿ ಸಿಕ್ಕಿತು. ಆರಂಭದಲ್ಲಿ ಕಾಲುವೆ ಕಿರಿದು, ಸೆಳೆತ ಜೋರು, ಸುಂಕ ಬೇರೆ. 1928ರಲ್ಲಿ ಸರ್ಕಾರ ಕೊಂಡು 1930ರ ದಶಕದಲ್ಲಿ ಅಗಲಿಸಿ ಆಳಗೊಳಿಸಿದ ಮೇಲೆ ದೊಡ್ಡ ಹಡಗುಗಳೂ ಅದರಲ್ಲಿ ಹಾಯತೊಡಗಿದವು. ಹಾಯಿಹಡಗುಗಳ ಕಾಲವೂ ಮುಗಿಯುತ್ತಿತ್ತು. 1915ರ ಜನವರಿಯಲ್ಲಿ ಜೀವರಕ್ಷಣಾ ಸೇವೆ ಕಂದಾಯ ನೌಕಾಸೇವೆಯೊಂದಿಗೆ ಬೆರೆತು ಕೋಸ್ಟ್ ಗಾರ್ಡ್ ಆಯಿತು. 1939ರಲ್ಲಿ ದೀಪಸ್ತಂಭ ಸೇವೆಯೂ ಅದರೊಳಗೆ ಸೇರಿತು. ಮೋಟಾರು ದೋಣಿ, ಟೆಲಿಫೋನ್, ರೇಡಿಯೊ ಬಂದಂತೆ ಕಾಲ್ನಡಿಗೆಯ ಕಾವಲು ಕುಗ್ಗಿತು, ಠಾಣೆಗಳು ಒಂದೊಂದಾಗಿ ಮುಚ್ಚಿದವು. ಓಲ್ಡ್ ಹಾರ್ಬರ್ 1944ರಲ್ಲಿ ಸೇವೆಯಿಂದ ಹೊರಬಂತು. ಆ ಕಟ್ಟಡವನ್ನು ಕಡಲು ನುಂಗುವ ಮೊದಲು 1977ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಬಾರ್ಜ್ ಮೇಲೇರಿಸಿ ಪ್ರಾವಿನ್ಸ್‌ಟೌನ್‌ಗೆ ಸಾಗಿಸಿತು. ಅದು ನಿಂತಿದ್ದ ತೀರದ ಮೇಲೆ ಮುಂದಿನ ಫೆಬ್ರುವರಿಯ ಮಹಾ ಹಿಮಮಾರುತ ಹಾದುಹೋಯಿತು. ಕಾಲುವೆ ಬಂದ ಮೇಲೆ ಚ್ಯಾಟಮ್‌ನ ಅಗತ್ಯ ಮುಗಿಯಿತು ಎಂಬ ವಾದಕ್ಕೆ ಈ ಮುಚ್ಚುಗಡೆಗಳೇ ಪುರಾವೆಯಂತೆ ಕಾಣುತ್ತವೆ. ಆದರೆ ಎಲ್ಲ ಮುಚ್ಚಿದ ಮೇಲೂ ಒಂದು ಉಳಿಯಿತಲ್ಲ, ಅದು ಅಳಿವೆಯ ಬಾಯಿಯಲ್ಲಿದ್ದ ಠಾಣೆ. ದೀಪಸ್ತಂಭದ ದಿಣ್ಣೆಯ ಮೇಲೆ ನೆಲೆಗೊಂಡದ್ದು. ಕಾಲುವೆ ಕಡಿಮೆ ಮಾಡಿದ್ದು ಸುತ್ತಿ ಹೋಗುವ ಹಡಗುಗಳನ್ನು. ಚ್ಯಾಟಮ್‌ನಿಂದ ನಸುಕಿನಲ್ಲಿ ಹೊರಟು ಸಂಜೆಗೆ ಅದೇ ದಿಬ್ಬ ದಾಟಿ ಮರಳಬೇಕಾದ ಮೀನುಗಾರರಿಗೆ ಕಾಲುವೆಯಿಂದ ಏನೂ ಆಗುವುದಿರಲಿಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಚ್ಯಾಟಮ್‌ನಲ್ಲಿ ಕಾವಲಿನ ಅರ್ಥ ವಿಸ್ತಾರವಾಯಿತು. ರೇಡಿಯೊ ತರಂಗಗಳ ಕಾಲವ್ಯತ್ಯಾಸದಿಂದ ಹಡಗು, ವಿಮಾನಗಳು ತಾವಿರುವ ಜಾಗ ತಿಳಿಯುವ ಲೋರಾನ್ ಎಂಬ ವ್ಯವಸ್ಥೆ ಆಗ ಗುಟ್ಟಿನದಾಗಿತ್ತು. ಅದರ ಸಂಕೇತಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಕೇಂದ್ರ ಚ್ಯಾಟಮ್‌ನಲ್ಲಿತ್ತು. ಅದನ್ನು ಕೋಸ್ಟ್ ಗಾರ್ಡ್‌ನ ಮಹಿಳಾ ಮೀಸಲು ಪಡೆಯ, ಸ್ಪಾರ್ಸ್ ಎಂದು ಹೆಸರಾದ ಹೆಣ್ಣುಮಕ್ಕಳೇ ಸಂಪೂರ್ಣವಾಗಿ ನಡೆಸಿದರು. ವೇರಾ ಹ್ಯಾಮರ್‌ಶ್ಲಾಗ್ ಎಂಬ ಅಧಿಕಾರಿಯ ಕೈಕೆಳಗೆ ಅವರು ಹಗಲಿರುಳೂ ಪಾಳಿಯಲ್ಲಿ ಕೂತು ಪ್ರತಿ ಎರಡು ನಿಮಿಷಕ್ಕೊಮ್ಮೆ ಸಂಕೇತವನ್ನು ಅಳೆದು ದಾಖಲಿಸುತ್ತಿದ್ದರು. ಮಾಡುವ ಕೆಲಸವೇನೆಂದು ಮನೆಯವರಿಗೂ ಹೇಳುವಂತಿರಲಿಲ್ಲ. ಚ್ಯಾಟಮ್‌ನ ಜನಪ್ರಿಯ ಕಥೆಗಳಲ್ಲಿ ಈ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿಲ್ಲ; ಸಿಗಬೇಕಿತ್ತು. ಬಿಲ್ಲೆ ಬದಲಾಯಿಸಿಕೊಂಡು ಮರಳಿನ ಮೇಲೆ ನಡೆದವರ ಕೆಲಸವನ್ನೇ ಅವರು ಪರದೆಯ ಮುಂದೆ ಕೂತು ಮುಂದುವರಿಸಿದ್ದರು.

1952ರ ಫೆಬ್ರುವರಿ 18ರ ಘಟನೆ ಈ ವಾದಕ್ಕೆ ಅತಿ ಕಠಿಣ ಪರೀಕ್ಷೆ. ಆ ದಿನ ಈಶಾನ್ಯದ ಬಿರುಗಾಳಿಯಲ್ಲಿ ಯುದ್ಧಕಾಲದಲ್ಲಿ ಅವಸರದಿಂದ ಬೆಸುಗೆ ಹಾಕಿ ಕಟ್ಟಿದ ಟಿ-2 ಮಾದರಿಯ ಎರಡು ತೈಲ ಟ್ಯಾಂಕರ್‌ಗಳು ಕೇಪ್ ಕಾಡ್‌ನ ಹೊರಗೆ ನಡುವೆ ಸೀಳಿ ಎರಡೆರಡು ತುಂಡಾದವು. ಚಳಿಯಲ್ಲಿ ಪೆಡಸಾಗಿ ಬಿರುಕು ಬಿಡುವ ಉಕ್ಕು ಈ ಮಾದರಿಯ ಹಡಗುಗಳ ದೋಷವಾಗಿತ್ತು. ಫೋರ್ಟ್ ಮರ್ಸರ್ ಆಪತ್ತಿನ ಸಂದೇಶ ಕಳಿಸಿತು. ದೊಡ್ಡ ಕೋಸ್ಟ್ ಗಾರ್ಡ್ ನೌಕೆಗಳು ಅತ್ತ ಧಾವಿಸಿದವು. ಪೆಂಡಲ್ಟನ್‌ಗೆ ಸಂದೇಶ ಕಳಿಸುವಷ್ಟೂ ಬಿಡುವು ಸಿಗಲಿಲ್ಲ. ಅದರ 41 ಜನರಲ್ಲಿ ಕ್ಯಾಪ್ಟನ್ ಸೇರಿ ಎಂಟು ಮಂದಿ ಮುಂಭಾಗದಲ್ಲಿ, 33 ಮಂದಿ ಹಿಂಭಾಗದಲ್ಲಿ ಉಳಿದು ದಕ್ಷಿಣಕ್ಕೆ ತೇಲಿದರು. ಮಧ್ಯಾಹ್ನ ಚ್ಯಾಟಮ್ ಠಾಣೆಯ ರಾಡಾರ್‌ನಲ್ಲಿ ಇರಬಾರದ ಎರಡು ಗುರುತುಗಳು ಕಂಡಾಗ ಎರಡನೆಯ ಹಡಗೊಂದು ಒಡೆದಿರುವುದು ಖಚಿತವಾಗತೊಡಗಿತು. ಠಾಣೆಯ ಮುಖ್ಯಸ್ಥ ಡೇನಿಯಲ್ ಕ್ಲಫ್ ಆದೇಶದಂತೆ ಬರ್ನಾರ್ಡ್ ವೆಬ್ಬರ್, ಎಂಜಿನ್ ನೋಡುವ ಆಂಡ್ರ್ಯೂ ಫಿಟ್ಜ್‌ಜೆರಾಲ್ಡ್, ರಿಚರ್ಡ್ ಲಿವ್ಸಿ ಮತ್ತು ಅರ್ವಿನ್ ಮಾಸ್ಕಿ ಸಿಜಿ 36500 ಎಂಬ ದೋಣಿಯಲ್ಲಿ ಕತ್ತಲಾಗುವ ಹೊತ್ತಿಗೆ ಹೊರಟರು. ಮಾಸ್ಕಿ ಸ್ಟೋನ್‌ಹಾರ್ಸ್ ದೀಪನೌಕೆಗೆ ಸೇರಿದವರು; ಅಲ್ಲಿಗೆ ಹೋಗಲು ದೋಣಿ ಕಾಯುತ್ತಿದ್ದವರು ತಾವಾಗಿ ಮುಂದೆ ಬಂದರು. ಅಳಿವೆಯ ದಿಬ್ಬದ ಮೇಲೆ ತೆರೆಗಳು ದೋಣಿಯನ್ನು ಎತ್ತಿ ಒಗೆದವು. ಮುಂಗಾಜು ಪುಡಿಯಾಯಿತು, ದಿಕ್ಸೂಚಿ ಕಿತ್ತುಹೋಯಿತು, ಎಂಜಿನ್ ನಿಂತು ನಿಂತು ಮತ್ತೆ ಹೊತ್ತಿತು. ಆದರೂ ದಿಬ್ಬ ದಾಟಿದರು. ಕತ್ತಲಲ್ಲಿ ಪೆಂಡಲ್ಟನ್‌ನ ಹಿಂಭಾಗ ಎದುರಾಯಿತು. ಹಗ್ಗದ ಏಣಿಯಲ್ಲಿ ಒಬ್ಬೊಬ್ಬರಾಗಿ ಇಳಿದ 33 ಜನರಲ್ಲಿ 32 ಮಂದಿಯನ್ನು ದೋಣಿಗೆ ಎಳೆದುಕೊಂಡರು. ಉಳಿದವರನ್ನೆಲ್ಲ ಕೆಳಗಿಳಿಸಲು ನೆರವಾಗಿ ಕೊನೆಗೆ ಇಳಿದ ಜಾರ್ಜ್ ಮೈಯರ್ಸ್ ಅಲೆಗೆ ಸಿಕ್ಕಿ ಸತ್ತರು. ಅಷ್ಟು ಜನರಿಗಾಗಿ ಕಟ್ಟಿರದ ದೋಣಿ 36 ಮಂದಿಯನ್ನು ಹೊತ್ತು ಚ್ಯಾಟಮ್‌ನ ಮೀನು ಧಕ್ಕೆಗೆ ಮರಳಿತು. ನಾಲ್ವರಿಗೂ ಚಿನ್ನದ ಪದಕ ದೊರೆಯಿತು. ಎರಡು ಟ್ಯಾಂಕರ್‌ಗಳ 84 ಜನರಲ್ಲಿ 70 ಮಂದಿ ಬದುಕಿದರು.

ಇದರಲ್ಲಿ ಕಾಣುವುದು ಎದೆಗಾರಿಕೆ ಮತ್ತು ಅದೃಷ್ಟ ಮಾತ್ರವಲ್ಲವೇ, ವೆಬ್ಬರ್ ಚ್ಯಾಟಮ್‌ನವರೂ ಅಲ್ಲವಲ್ಲ ಎಂದು ಆಕ್ಷೇಪಿಸಬಹುದು. ಬಾಸ್ಟನ್ ಬಳಿಯ ಮಿಲ್ಟನ್‌ನ ಪಾದ್ರಿಯ ಮಗನಾದ ವೆಬ್ಬರ್ ಆ ರಾತ್ರಿಯಲ್ಲಿ ದೇವರ ಕೈಯನ್ನು ಕಂಡರು. ಆ ನಂಬಿಕೆಯನ್ನು ಯಾರೂ ಅಲ್ಲಗಳೆಯಬೇಕಿಲ್ಲ. ದಿಕ್ಸೂಚಿಯಿಲ್ಲದೆ ಹಡಗಿನ ತುಂಡು ಸಿಕ್ಕಿದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು ಎಂದೂ ಒಪ್ಪೋಣ. ಆದರೆ ಅದೃಷ್ಟದಿಂದ ಹೋಗುವಿಕೆಯನ್ನು ವಿವರಿಸಿದಷ್ಟು ಸುಲಭವಾಗಿ ಮರಳುವಿಕೆಯನ್ನು ವಿವರಿಸಲಾಗದು. ಬದುಕಿದವರನ್ನು ಹೊರಸಮುದ್ರದ ದೊಡ್ಡ ನೌಕೆಗೆ ದಾಟಿಸಬೇಕೇ ಎಂದು ರೇಡಿಯೊದಲ್ಲಿ ಚರ್ಚೆ ನಡೆದಿದ್ದಾಗ ವೆಬ್ಬರ್ ಅದನ್ನು ಪಕ್ಕಕ್ಕಿಟ್ಟು ತಾವೇ ತೀರ್ಮಾನಿಸಿದರು: ಗಾಳಿಯನ್ನೂ ತೆರೆಯನ್ನೂ ಬೆನ್ನಿಗೆ ಹಾಕಿಕೊಂಡು ಹೋದರೆ ಎಲ್ಲೋ ಒಂದು ಕಡೆ ಮರಳು ಸಿಗಲೇಬೇಕು, ಅಗತ್ಯಬಿದ್ದರೆ ದೋಣಿಯ ಮೂತಿಯನ್ನು ತೀರಕ್ಕೆ ಒತ್ತಿ ಹಿಡಿದು ಜನರನ್ನು ಇಳಿಸಬಹುದು. ದಾರಿಯಲ್ಲಿ ಮಿನುಗಿದ ಕೆಂಪು ದೀಪವನ್ನು ಬಂದರಿನೊಳಕ್ಕೆ ತಿರುಗುವ ಜಾಗದ ತೇಲುದೀಪವೆಂದು ಗುರುತಿಸಿದರು. ಇದು ಆ ನೀರನ್ನು ವರ್ಷಗಟ್ಟಲೆ ಓಡಾಡಿ ತಿಳಿದವರ ತೀರ್ಮಾನ. ಅವರು 1946ರ ಸುಮಾರಿಗೇ ಈ ಕಡಲಿಗೆ ಬಂದವರು. ಠಾಣೆಯ ಹಿರಿಯರಿಂದ, ಪಟ್ಟಣದ ಮೀನುಗಾರರಿಂದ ಅಳಿವೆಯನ್ನು ಕಲಿತವರು. ಹೊರಗಿನಿಂದ ಬಂದವನಿಗೂ ಕೆಲವೇ ವರ್ಷಗಳಲ್ಲಿ ಈ ತಿಳಿವಳಿಕೆಯನ್ನು ದಾಟಿಸುವ ಶಕ್ತಿ ಠಾಣೆಗೆ ಇತ್ತೆಂಬುದಕ್ಕೆ ವೆಬ್ಬರ್ ಅವರೇ ಸಾಕ್ಷಿ. ಅದೇ ರಾತ್ರಿಯ ಇನ್ನೊಂದು ಪ್ರಯತ್ನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಚ್ಯಾಟಮ್‌ನಿಂದಲೇ ಡೊನಾಲ್ಡ್ ಬ್ಯಾಂಗ್ಸ್ ಮತ್ತು ಅವರ ಸಂಗಡಿಗರು ಅಂಥದೇ ದೋಣಿಯಲ್ಲಿ ಹೊರಟು ಗಂಟೆಗಟ್ಟಲೆ ಆ ಕಡಲಲ್ಲಿ ತೊಳಲಿದರು. ಪೆಂಡಲ್ಟನ್‌ನ ಮುಂಭಾಗದಲ್ಲಿ ಕಂಡ ಒಬ್ಬರೂ ಅವರ ಕೈಗೆ ಸಿಗದೆ ನೀರುಪಾಲಾದರು. ಆ ಭಾಗದ ಎಂಟು ಮಂದಿಯೂ ಉಳಿಯಲಿಲ್ಲ. ಬ್ಯಾಂಗ್ಸ್ ತಂಡದ ಧೈರ್ಯ ವೆಬ್ಬರ್ ತಂಡದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಲ್ಲ. ಫಲಿತಾಂಶ ಬೇರೆಯಾದದ್ದನ್ನು ಧೈರ್ಯದ ಅಳತೆಯಿಂದ ವಿವರಿಸಲಾಗದು. 2016ರಲ್ಲಿ ಈ ಘಟನೆಯ ಚಲನಚಿತ್ರ ಬಂತು. 2012ರಲ್ಲಿ ಕೋಸ್ಟ್ ಗಾರ್ಡ್‌ನ ಹೊಸ ಸಾಲಿನ ಮೊದಲ ನೌಕೆ ವೆಬ್ಬರ್ ಹೆಸರಿನಲ್ಲಿ ಸೇವೆಗೆ ಸೇರಿತು. ದುರಸ್ತಿಯಾದ ಸಿಜಿ 36500 ನೆರೆಯ ಆರ್ಲಿಯನ್ಸ್‌ನವರ ಆರೈಕೆಯಲ್ಲಿ ಉಳಿದಿದೆ. ಈ ಗೌರವವೆಲ್ಲ ಸಲ್ಲಬೇಕಾದದ್ದೇ. ಅದರಲ್ಲಿ ಅರ್ಧದಷ್ಟಾದರೂ ಬ್ಯಾಂಗ್ಸ್ ತಂಡಕ್ಕೆ ಸಂದಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು.

ಕೊನೆಯ ಆಕ್ಷೇಪ ನಮ್ಮ ಕಾಲದ್ದು. 1970ರಲ್ಲಿ ಕೇಪ್ ಕಾಡ್‌ನಲ್ಲೇ ಕೋಸ್ಟ್ ಗಾರ್ಡ್ ವಾಯುನೆಲೆ ಸ್ಥಾಪನೆಯಾಯಿತು. ಅಲ್ಲಿಂದ ಹೆಲಿಕಾಪ್ಟರ್ ಚ್ಯಾಟಮ್‌ಗೆ ಕೆಲವೇ ನಿಮಿಷಗಳಲ್ಲಿ ಬರಬಲ್ಲದು. ಉಪಗ್ರಹದ ನೆರವಿನಿಂದ ಮೀನುಗಾರನೇ ತಾನಿರುವ ಜಾಗವನ್ನು ನಿಖರವಾಗಿ ಹೇಳಬಲ್ಲ. 1982ರಲ್ಲಿ ದೀಪಸ್ತಂಭವೂ ಸ್ವಯಂಚಾಲಿತವಾಯಿತು. ಇನ್ನು ದೋಣಿಯ ಠಾಣೆ ಏಕೆ? ಹೆಲಿಕಾಪ್ಟರ್ ಮನುಷ್ಯರನ್ನು ಮೇಲೆತ್ತುತ್ತದೆ, ಆದರೆ ಎಂಜಿನ್ ಕೆಟ್ಟ ದೋಣಿಯನ್ನು ದಿಬ್ಬದ ಕಡೆಗೆ ಕೊಚ್ಚಿಹೋಗದಂತೆ ಹಗ್ಗ ಕಟ್ಟಿ ಎಳೆದು ತರಲಾರದು. ಒಂದು ಕುಟುಂಬದ ಜೀವನೋಪಾಯವೇ ಆ ದೋಣಿಯಾಗಿರುತ್ತದೆ. ಮಂಜು ಕವಿದಾಗ ಹಾರುವುದೂ ಕಷ್ಟ. ಇವೆಲ್ಲಕ್ಕಿಂತ ಬಲವಾದ ಉತ್ತರ ಠಾಣೆಯ ದೋಣಿಗಳ ಆಯ್ಕೆಯಲ್ಲೇ ಇದೆ. 1960ರ ದಶಕದಿಂದ ಅಮೆರಿಕದ ತೀರಗಳಲ್ಲೆಲ್ಲ ಕೆಲಸ ಮಾಡಿದ 44 ಅಡಿಯ ಜೀವರಕ್ಷಕ ದೋಣಿಗಳನ್ನು 1990ರ ದಶಕದ ಕೊನೆಯಿಂದ 47 ಅಡಿಯ ಹೊಸ ಮಾದರಿ ಬದಲಿಸುತ್ತಾ ಬಂತು. ಆದರೆ 44 ಅಡಿಯವುಗಳಲ್ಲಿ ಕೊನೆಯದು, 44301 ಸಂಖ್ಯೆಯದು, 2009ರ ಮೇ ತಿಂಗಳಲ್ಲಿ ನಿವೃತ್ತವಾದದ್ದು ಚ್ಯಾಟಮ್‌ನಲ್ಲಿ. ಇಲ್ಲಿನ ಆಳವಿಲ್ಲದ ಅಳಿವೆಗೆ ದೇಶದ ಸಾಮಾನ್ಯ ಮಾದರಿ ಒಗ್ಗಲಿಲ್ಲ. ಅದರ ಜಾಗಕ್ಕೆ ಚ್ಯಾಟಮ್‌ಗೆಂದೇ ರೂಪಿಸಿದ 42 ಅಡಿಯ ದೋಣಿಗಳು ಬಂದವು. 1987ರಲ್ಲಿ ಪಟ್ಟಿ ಒಡೆದ ಮೇಲೆ, 2007ರಲ್ಲಿ ಉತ್ತರಕ್ಕೆ ಇನ್ನೊಂದು ಬಾಯಿ ತೆರೆದ ಮೇಲೆ, ಹಡಗುದಾರಿ ಹಲವು ಸಲ ಜಾಗ ಬದಲಿಸಿದೆ. ಬಂದರಿನ ಪ್ರವೇಶವನ್ನು ತೋರಿಸುವ ತೇಲುಗುರುತುಗಳನ್ನು ಪದೇಪದೇ ಸರಿಸಬೇಕಾಗುವುದರಿಂದ ಸರ್ಕಾರದ ನೌಕಾನಕ್ಷೆ ಅವುಗಳ ಸ್ಥಾನವನ್ನು ಅಚ್ಚು ಹಾಕುವುದನ್ನೇ ಬಿಟ್ಟಿದೆ. ದಿಬ್ಬದ ಅಂದಂದಿನ ಸ್ಥಿತಿಯನ್ನು ಸ್ಥಳೀಯರಿಂದ ತಿಳಿದುಕೊಂಡೇ ಒಳಬರಬೇಕೆಂದು ಹೊರಗಿನ ನಾವಿಕರಿಗೆ ಸಲಹೆ ಕೊಡುತ್ತಾರೆ.